ಡಬ್ಬದ ಮೇಲಿನ ಒಂದು ಮಿಲಿಸೆಕೆಂಡ್

ಆ ಮಾನಿಟರ್‌ನಲ್ಲಿ ಯಾವ ದೋಷವೂ ಇಲ್ಲ ಎಂದು ಸರ್ವೀಸ್ ಹುಡುಗ ಬರೆದುಕೊಟ್ಟ ಚೀಟಿ ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಅಂದು ಅವನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಹೊಸ ಪರದೆಯ ಮೇಲೆ ಆಟದೊಳಗಿನ ಕರೆಂಟ್ ಕಂಬಗಳು ಮಸಿಯ ಬಾಲ ಎಳೆದುಕೊಂಡು ಓಡುತ್ತಿರುವಾಗ ದೋಷವಿಲ್ಲ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ಹುಡುಗ ಹೇಳಿದ್ದೇ ಸರಿ. ಅದು ನನಗೆ ಅರ್ಥವಾಗಲು ಮೂರು ವಾರ, ಒಂದು ಬೆಂಗಳೂರು ಪ್ರಯಾಣ ಮತ್ತು ಹತ್ತಿರ ಹತ್ತಿರ ಎರಡೂವರೆ ಸಾವಿರ ರೂಪಾಯಿ ಹಿಡಿಯಿತು.

ನನ್ನ ಕೆಲಸ ಕನ್ನಡ ಪುಸ್ತಕಗಳ ಪುಟವಿನ್ಯಾಸ. ಮೈಸೂರಿನ ಮನೆಯ ಒಂದು ಕೋಣೆಯೇ ಕಚೇರಿ. ಹಗಲೆಲ್ಲ ಒತ್ತಕ್ಷರಗಳ ಜೊತೆ ಗುದ್ದಾಟ, ರಾತ್ರಿ ಊಟವಾದ ಮೇಲೆ ಒಂದೂವರೆ ಗಂಟೆ ಆಟ. ಅಕ್ಕನ ಮಗ ಬೆಂಗಳೂರಿನ ತನ್ನ ಪಿಜಿಯಿಂದ ಜೊತೆಗೂಡಿದ ದಿನ ಗುಂಡು ಹಾರಿಸುವ ವ್ಯಾಲರಂಟ್, ಒಬ್ಬನೇ ಇದ್ದ ದಿನ ಲಾರಿ ಓಡಿಸುವ ಯುರೋ ಟ್ರಕ್ ಸಿಮ್ಯುಲೇಟರ್. ನಲವತ್ತೆರಡು ದಾಟಿದವನು ಕೂತಲ್ಲೇ ಜರ್ಮನಿಯಿಂದ ಪೋಲೆಂಡ್‌ಗೆ ಸಿಮೆಂಟ್ ಸಾಗಿಸುವುದನ್ನು ನೋಡಿ ಮನೆಯಾಕೆ ನನಗೆ ಲಾರಿ ಡ್ರೈವರ್ ಎಂದು ಹೆಸರಿಟ್ಟಿದ್ದಾಳೆ. ಬಿರುದು ಎಂದು ಇಟ್ಟುಕೊಂಡಿದ್ದೇನೆ.

ಹಳೆಯ ಮಾನಿಟರ್ 2013ರದ್ದು. ಹದಿನೆಂಟೂವರೆ ಇಂಚು, 1366 ಬೈ 768 ಚುಕ್ಕೆ, ಅಂದರೆ ಪಿಕ್ಸೆಲ್, ಟಿಎನ್ ಎಂಬ ಬಗೆಯ ಪ್ಯಾನೆಲ್, 60 ಹರ್ಟ್ಸ್, ಅಂದರೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾಗುವಂಥದ್ದು. ಅದರ ಎಡಗಡೆ ಒಂದು ಹಸಿರು ಗೆರೆ ಮೂಡಿತು. ವಾರದಲ್ಲಿ ಎರಡಾಯಿತು. ಕರಡು ತಿದ್ದುವವನ ಕಣ್ಣಿಗೆ ಪುಟದ ನಡುವೆ ಗೆರೆ ಬಿದ್ದರೆ ಹಲ್ಲಿನ ಸಂದಿಯಲ್ಲಿ ತೆಂಗಿನ ನಾರು ಸಿಕ್ಕಿಕೊಂಡ ಹಾಗೆ. ಹನ್ನೆರಡು ಸಾವಿರದೊಳಗೆ ಕೆಲಸಕ್ಕೂ ಆಟಕ್ಕೂ ಆಗುವ ಒಂದು ಮಾನಿಟರ್ ಕೊಳ್ಳುವುದು ಎಂದು ತೀರ್ಮಾನವಾಯಿತು. ದಸರೆಯ ರಿಯಾಯಿತಿ ಮಾರಾಟವೂ ಹತ್ತಿರದಲ್ಲಿತ್ತು.

ಹುಡುಕಲು ಕೂತರೆ ಎಲ್ಲ ಮಾನಿಟರ್‌ಗಳೂ ಒಂದೇ ಮಾತು ಹೇಳುತ್ತಿದ್ದವು: ರೆಸ್ಪಾನ್ಸ್ ಟೈಮ್, ಅಂದರೆ ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಹೊತ್ತು, 1 ಮಿಲಿಸೆಕೆಂಡ್. ಎಂಟು ಸಾವಿರದ್ದೂ ಒಂದು ಮಿಲಿಸೆಕೆಂಡ್, ಮೂವತ್ತು ಸಾವಿರದ್ದೂ ಒಂದು ಮಿಲಿಸೆಕೆಂಡ್. ಊರಿನ ಎಲ್ಲ ಮಕ್ಕಳಿಗೂ ಗಣಿತದಲ್ಲಿ ನೂರಕ್ಕೆ ನೂರು ಬಂದರೆ ಅನುಮಾನ ಬರಬೇಕಾದದ್ದು ಪ್ರಶ್ನೆಪತ್ರಿಕೆಯ ಮೇಲೆ. ನನಗೆ ಬರಲಿಲ್ಲ. ಹೇಗೂ ಎಲ್ಲವೂ ಒಂದೇ ತಾನೇ ಎಂದುಕೊಂಡು ಕಣ್ಣಿಗೆ ಕಾಣುವ ಸಂಗತಿಗಳನ್ನು ನೋಡಿದೆ. 27 ಇಂಚು, ಬಾಗಿದ ಪರದೆ, 165 ಹರ್ಟ್ಸ್, ಬೆಲೆ 11,499. ಒತ್ತಿಬಿಟ್ಟೆ.

ಮೊದಲ ರಾತ್ರಿ ಹಬ್ಬವೇ. ಕತ್ತಲೆ ಎಂದರೆ ನಿಜಕ್ಕೂ ಕತ್ತಲೆ. ಪರದೆಯ ಅಂಚು ಎಲ್ಲಿ ಮುಗಿಯಿತು, ಕೋಣೆಯ ಕತ್ತಲು ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು. ಮನೆಯಾಕೆ ಬಂದು ಅರ್ಧ ಸಿನಿಮಾ ನಿಂತೇ ನೋಡಿ, "ರೀ, ಟಿವಿಗಿಂತ ಇದೇ ಚೆನ್ನಾಗಿದೆ" ಎಂದಳು. ಈ ಮನೆಯಲ್ಲಿ ಕಂಪ್ಯೂಟರ್‌ಗೆ ಸಂಬಂಧಿಸಿದ ಖರ್ಚಿಗೆ ಅಂಥ ಮಾತು ಸಿಕ್ಕಿದ್ದು ಅದೇ ಮೊದಲು.

ಎರಡನೆಯ ದಿನ ಅಕ್ಕನ ಮಗ ಆಟಕ್ಕೆ ಸಿಕ್ಕಿದ. "ಹೇಗಿದೆ ಮಾಮ? ಬೆಣ್ಣೆಯ ಹಾಗೆ ಇರಬೇಕಲ್ಲ?" ಎಂದ. ನನಗೇನೂ ಬೆಣ್ಣೆ ಕಾಣುತ್ತಿರಲಿಲ್ಲ, ಹಾಗೆಂದು ಒಪ್ಪಿಕೊಳ್ಳಲು ನಾಚಿಕೆ.

"ಎಷ್ಟು ಹರ್ಟ್ಸ್‌ಗೆ ಇಟ್ಟಿದ್ದೀರಿ?"

"165 ಎಂದು ಡಬ್ಬದ ಮೇಲೇ ಇದೆಯಲ್ಲೋ."

"ಡಬ್ಬದ ಮೇಲೆ ಇರುತ್ತದೆ ಮಾಮ. ವಿಂಡೋಸ್‌ನಲ್ಲಿ ನೋಡಿ."

ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ. ಅಲ್ಲಿ ತಣ್ಣಗೆ 60 ಎಂದು ಕೂತಿತ್ತು. ಪಟ್ಟಿ ಬಿಚ್ಚಿದರೆ 144ರ ತನಕ ಇತ್ತು, 165 ಇರಲಿಲ್ಲ. ಡಬ್ಬದೊಳಗೆ ಬಂದದ್ದು ಎಚ್‌ಡಿಎಂಐ ಕೇಬಲ್. ಆ ಮಾನಿಟರ್‌ನ ಎಚ್‌ಡಿಎಂಐ ಕಿಂಡಿಗೆ 144ರ ಮೇಲೆ ಹೋಗುವ ಶಕ್ತಿಯಿಲ್ಲ, 165 ಬೇಕಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಬೇರೆ ಕೊಳ್ಳಬೇಕು. ಇದು ಕೈಪಿಡಿಯ ಕೊನೆಯ ಪುಟದಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿತ್ತು. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಚಿತ್ರ ಬಿಡಿಸಿ ಪರದೆಗೆ ಕಳಿಸುವ ನನ್ನ ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾದ ಜಿಟಿಎಕ್ಸ್ 1650. ಆಟದಿಂದ ಚಿತ್ರ ಬಂದಾಗಲೇ ಪರದೆಯೂ ಬದಲಾಗುವಂತೆ ಹೊಂದಿಸುವ ಅಡಾಪ್ಟಿವ್ ಸಿಂಕ್ ಸೌಲಭ್ಯವನ್ನು ಎನ್ವಿಡಿಯಾ 2019ರಲ್ಲಿ ಪ್ರತಿಸ್ಪರ್ಧಿ ಎಎಂಡಿಯ ಫ್ರೀಸಿಂಕ್ ಪದ್ಧತಿಯ ಸಾಮಾನ್ಯ ಮಾನಿಟರ್‌ಗಳಿಗೂ ತೆರೆಯಿತು, ಆದರೆ ಇಂಥ ಮಾನಿಟರ್‌ಗಳಲ್ಲಿ ಅದು ನಡೆಯುವುದು ಡಿಸ್‌ಪ್ಲೇಪೋರ್ಟ್ ಮೂಲಕ. ಕೇಬಲ್ ತರಿಸಿದೆ. ಆಗ ಬೆಣ್ಣೆ ಕಂಡಿತು.

ಅದರ ಜೊತೆಗೆ ಬಾಲವೂ ಕಂಡಿತು.

ರಾತ್ರಿಯ ಹೆದ್ದಾರಿ. ಕಡುಬೂದಿ ಆಕಾಶ, ಅದರ ಎದುರು ಕಪ್ಪು ಕಂಬಗಳು, ಕಪ್ಪು ಮರಗಳು. ಲಾರಿ ತಿರುವು ತೆಗೆದುಕೊಂಡಾಗ ಪ್ರತಿ ಕಂಬದ ಹಿಂದೆಯೂ ಒದ್ದೆ ಕುಂಚದಲ್ಲಿ ಎಳೆದ ಹಾಗೆ ಕಪ್ಪು ಹರಡಿಕೊಂಡು, ಆಮೇಲೆ ನಿಧಾನಕ್ಕೆ ಆರುತ್ತಿತ್ತು. ಹಗಲಿನ ರಸ್ತೆಯಲ್ಲಿ ಇದರ ಸುಳಿವೇ ಇಲ್ಲ. ಮೊದಲು ಕಣ್ಣಿನ ದಣಿವು ಎಂದುಕೊಂಡೆ. ಮರುದಿನ ಕೆಲಸದಲ್ಲೂ ಸಿಕ್ಕಿತು. ಸಂಜೆಯ ಮೇಲೆ ನಾನು ಕಡುಬೂದಿ ಹಿನ್ನೆಲೆ ಇಟ್ಟುಕೊಂಡು ಕರಡು ಓದುತ್ತೇನೆ. ಪುಟ ಮೇಲಕ್ಕೆ ಸರಿಸಿದಾಗ ಸಾಲುಗಳು ಹಿಂದಿನ ಸಾಲುಗಳ ನೆರಳು ಹೊತ್ತುಕೊಂಡು ಬರುತ್ತಿದ್ದವು. 'ರಾಷ್ಟ್ರ' ಎಂಬ ಪದದ ಷ್ಟ್ರ ನಿಲ್ಲುವ ತನಕ ಅದು ಷ್ಟ್ರವೋ ಷ್ಠವೋ ಎಂದು ಹೇಳಲಾಗದು.

ಅಕ್ಷರದ ಮಾತು ಬಂದದ್ದರಿಂದ ಇನ್ನೊಂದು ಪೆಟ್ಟನ್ನೂ ಹೇಳಿಬಿಡುತ್ತೇನೆ. 27 ಇಂಚಿನಲ್ಲಿ 1920 ಬೈ 1080 ಎಂದರೆ ಇಂಚಿಗೆ ಸುಮಾರು 82 ಪಿಕ್ಸೆಲ್. ನನ್ನ ಹನ್ನೊಂದು ವರ್ಷ ಹಳೆಯ ಹದಿನೆಂಟೂವರೆ ಇಂಚಿನ ಪರದೆಯಲ್ಲಿ ಇಂಚಿಗೆ 85 ಇತ್ತು. ಅಂದರೆ ಹೊಸ ದುಡ್ಡು ಕೊಟ್ಟು ಹಳೆಯದಕ್ಕಿಂತ ಒರಟಾದ ಪರದೆ ತಂದಿದ್ದೆ. ಇಂಗ್ಲಿಷ್ ಓದುವವರಿಗೆ ಇದು ಅಷ್ಟು ಬಾಧಿಸಲಿಕ್ಕಿಲ್ಲ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಪಕ್ಕದಲ್ಲಿ ಇನ್ನೊಂದು ಒತ್ತು, ಮೇಲೆ ಗುಡಿಸು. ಎಲ್ಲವೂ ಹತ್ತಾರು ಪಿಕ್ಸೆಲ್‌ಗಳ ಎತ್ತರದಲ್ಲೇ ಜಾಗ ಹುಡುಕಿಕೊಳ್ಳಬೇಕು. 'ಪ' ಒತ್ತಿಗೂ 'ಫ' ಒತ್ತಿಗೂ ಇರುವ ಅಂತರ ಒಂದು ಚುಕ್ಕೆಯದು. ಪರದೆ ಬಾಗಿದ್ದರಿಂದ ಪುಟದ ಅಂಚುಗೆರೆ ನೇರವಿದೆಯೋ ಇಲ್ಲವೋ ಎಂದು ಅಡ್ಡಪಟ್ಟಿ ಇಟ್ಟು ನೋಡುವ ಸ್ಥಿತಿಯೂ ಬಂತು.

ದೂರು ಕೊಟ್ಟೆ. ಮಾರಿದವರ ನಿಯಮದ ಪ್ರಕಾರ ದೋಷವಿದ್ದರೆ ಹತ್ತು ದಿನದೊಳಗೆ ಬದಲಿ ಮಾನಿಟರ್ ಉಂಟು, ಹಣ ವಾಪಸಿಲ್ಲ. ದೋಷವಿದೆಯೇ ಎಂದು ನೋಡಲು ಒಬ್ಬ ಹುಡುಗ ಬಂದ. ನಾನು ರಾತ್ರಿಯ ಹೆದ್ದಾರಿ ತೋರಿಸಿದೆ. ಅವನು ಕಂಬಗಳನ್ನು ನೋಡಿದ, ಮಾನಿಟರ್‌ನ ಹಿಂದಿನ ಚೀಟಿ ನೋಡಿದ, "ಸರ್, ಇದು ವಿಎ ಪ್ಯಾನೆಲ್. ಇದರ ಸ್ವಭಾವವೇ ಹೀಗೆ. ಬದಲಿ ಕೊಟ್ಟರೂ ಇದೇ ಬರುತ್ತದೆ" ಎಂದ. ಡಬ್ಬದ ಮೇಲಿನ ಒಂದು ಮಿಲಿಸೆಕೆಂಡನ್ನು ಬೆರಳಿಟ್ಟು ತೋರಿಸಿದೆ. ನಕ್ಕ. ಚೀಟಿ ಬರೆದು, ನೀರು ಕುಡಿದು ಹೋದ.

ಆ ನಗು ಚುಚ್ಚಿತು. ಹಾಗಾದರೆ ನಾನೇ ಅಳೆದು ತೋರಿಸುತ್ತೇನೆ ಎಂಬ ಹಟ ಹುಟ್ಟಿತು.

ನನ್ನ ಮೊಬೈಲ್‌ನಲ್ಲಿ ಸ್ಲೋ ಮೋಷನ್ ಇದೆ, ಸೆಕೆಂಡಿಗೆ 240 ಚಿತ್ರ. ಅಂದರೆ ಒಂದೊಂದು ಚಿತ್ರಕ್ಕೂ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. ಪ್ರಯೋಗಾಲಯದ ನಿಖರತೆ ಇದರಲ್ಲಿಲ್ಲ. ಒಂದು ಮಿಲಿಸೆಕೆಂಡ್ ಇದೆಯೋ ಮೂರಿದೆಯೋ ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಒಂದಿದೆಯೋ ಮೂವತ್ತಿದೆಯೋ ಎಂದು ಹೇಳಬಹುದು. ಅಕ್ಕನ ಮಗನಿಂದ ಬ್ರೌಸರ್‌ನಲ್ಲಿ ತೆರೆಯುವ ಒಂದು ಸಣ್ಣ ಪುಟ ಮಾಡಿಸಿಕೊಂಡೆ. ಹಿನ್ನೆಲೆ ಪೂರ್ತಿ ಕಪ್ಪು. ಎಡಕ್ಕೆ ಬಿಳಿಯ 'ಷ್ಟ್ರ', ಬಲಕ್ಕೆ ಕಡುಬೂದಿಯ 'ಷ್ಟ್ರ'. ಎರಡೂ ಒಂದೇ ಕ್ಷಣಕ್ಕೆ ಮೂಡಿ, ಒಂದು ಸೆಕೆಂಡ್ ಇದ್ದು, ಮಾಯವಾಗುತ್ತವೆ. ಕೆಳಗೆ ಕಡುಬೂದಿ ಪಟ್ಟಿಯ ಮೇಲೆ ಕಪ್ಪು ಅಕ್ಷರಗಳ ಒಂದು ಸಾಲು ಎಡದಿಂದ ಬಲಕ್ಕೆ ಓಡುತ್ತದೆ. ಅಷ್ಟೇ.

ಮೊಬೈಲನ್ನು ಎರಡು ನಿಘಂಟುಗಳ ನಡುವೆ ಸಿಕ್ಕಿಸಿ, ಕೋಣೆಯ ದೀಪ ಆರಿಸಿ, ಹತ್ತು ಸೆಕೆಂಡ್ ಚಿತ್ರೀಕರಿಸಿದೆ. ಆಮೇಲೆ ಚಿತ್ರ ಚಿತ್ರವಾಗಿ ಬೆರಳಲ್ಲಿ ಸರಿಸುತ್ತ ಎಣಿಸಿದೆ. ಬಿಳಿಯ ಷ್ಟ್ರ ಎರಡನೆಯ ಚಿತ್ರಕ್ಕೇ ಪೂರ್ತಿ ಮೂಡಿತ್ತು. ಬೂದಿಯ ಷ್ಟ್ರ ಮೂರನೆಯ ಚಿತ್ರದಲ್ಲಿ ಇನ್ನೂ ಇದೆಯೋ ಇಲ್ಲವೋ ಎಂಬಂತೆ, ಐದನೆಯದರಲ್ಲಿ ಆಕಾರ, ಎಂಟನೆಯದರಲ್ಲಿ ಬಣ್ಣ. ಎಂಟನ್ನು ನಾಲ್ಕರಿಂದ ಗುಣಿಸಿದರೆ ಮೂವತ್ತು ಮಿಲಿಸೆಕೆಂಡ್‌ಗಿಂತ ಹೆಚ್ಚು. 165 ಹರ್ಟ್ಸ್‌ನಲ್ಲಿ ಪರದೆಯ ಮೇಲೆ ಒಂದು ಚಿತ್ರ ಇರುವುದು ಆರು ಮಿಲಿಸೆಕೆಂಡ್ ಮಾತ್ರ. ಒಂದು ಬೂದು ಬಣ್ಣ ಬಂದು ಕೂರುವಷ್ಟರಲ್ಲಿ ಐದು ಚಿತ್ರ ದಾಟಿ ಹೋಗಿರುತ್ತದೆ. ಅವೆಲ್ಲ ಒಂದರ ಮೇಲೊಂದು ಕಲಸಿದ್ದೇ ನನ್ನ ಕಂಬದ ಬಾಲ.

ಒಂದೇ ಪರದೆ ಬಿಳಿಗೆ ಚುರುಕು, ಬೂದಿಗೆ ಸೋಮಾರಿ. ಇದು ಯಾಕೆ ಎಂದು ಓದಿಕೊಂಡೆ. ಎಲ್‌ಸಿಡಿ ಪರದೆಯಲ್ಲಿ ಹಿಂದಿನಿಂದ ಬೆಳಕು ಸದಾ ಇರುತ್ತದೆ. ಮುಂದಿರುವ ದ್ರವಸ್ಫಟಿಕದ ಅಣುಗಳು ವಿದ್ಯುತ್ತಿಗೆ ತಿರುಗಿ ಅದನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ಟಿಎನ್, ಐಪಿಎಸ್, ವಿಎ ಎಂಬ ಮೂರು ಬಗೆಯ ಪ್ಯಾನೆಲ್‌ಗಳಲ್ಲಿ ಅವು ತಿರುಗುವ ರೀತಿ ಬೇರೆ ಬೇರೆ. ಟಿಎನ್‌ನಲ್ಲಿ ಅವು ತಿರುಚಿದ ಹಗ್ಗದಂತೆ ನಿಂತು ಬಿಚ್ಚಿಕೊಳ್ಳುತ್ತವೆ. ಐಪಿಎಸ್‌ನಲ್ಲಿ ಪರದೆಗೆ ಸಮನಾಗಿ ಮಲಗಿ, ಮಲಗಿದಲ್ಲೇ ಪಕ್ಕಕ್ಕೆ ತಿರುಗುತ್ತವೆ. ವಿಎಯಲ್ಲಿ ವಿದ್ಯುತ್ತಿಲ್ಲದಾಗ ನೆಟ್ಟಗೆ ನಿಂತಿರುತ್ತವೆ. ಹಾಗೆ ನಿಂತಾಗ ಬೆಳಕು ಸೋರುವುದಿಲ್ಲ, ಆದ್ದರಿಂದಲೇ ಆ ಹಬ್ಬದ ಕಪ್ಪು. ಬಿಳಿ ಬೇಕಾದಾಗ ಪೂರ್ತಿ ವೋಲ್ಟೇಜ್ ಬಂದು ಒಮ್ಮೆಲೇ ಬಾಗಿಸುತ್ತದೆ. ಕಡುಬೂದಿ ಬೇಕಾದಾಗ ಬರುವುದು ಸ್ವಲ್ಪವೇ ವೋಲ್ಟೇಜ್. ನೆಟ್ಟಗೆ ನಿಂತವನನ್ನು ಮೆಲ್ಲಗೆ ತಳ್ಳಿ ಸ್ವಲ್ಪವೇ ವಾಲಿಸುವ ಕೆಲಸ. ಚಾಪೆಯಿಂದ ಏಳುವ ನಮ್ಮ ಅಜ್ಜನ ಹಾಗೆ. ಎದ್ದ ಮೇಲೆ ಅಗ್ರಹಾರದ ಸುತ್ತ ಎರಡು ಸುತ್ತು ಹೊಡೆಯುತ್ತಿದ್ದರು, ಏಳುವುದಕ್ಕೇ ಹತ್ತು ನಿಮಿಷ ಬೇಕಾಗುತ್ತಿತ್ತು.

ಹಾಗಾದರೆ ಡಬ್ಬದ ಒಂದು ಮಿಲಿಸೆಕೆಂಡ್ ಸುಳ್ಳೇ? ಕೋರ್ಟಿಗೆ ಹೋದರೆ ನಿಲ್ಲುವಂಥ ಸುಳ್ಳಲ್ಲ. ಆ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ಎಂಪಿಆರ್‌ಟಿ ಎಂದಿತ್ತು. ಜಿಟಿಜಿ ಎಂದಿದ್ದರೆ ಒಂದು ಬೂದು ಬಣ್ಣದಿಂದ ಇನ್ನೊಂದು ಬೂದು ಬಣ್ಣಕ್ಕೆ ಪಿಕ್ಸೆಲ್ ಬದಲಾಗುವ ಹೊತ್ತು. ಅದನ್ನೂ ಸಾಮಾನ್ಯವಾಗಿ ಬದಲಾವಣೆಯ ಮೊದಲ ಶೇ. 10 ಮತ್ತು ಕೊನೆಯ ಶೇ. 10 ಬಿಟ್ಟು ಅಳೆಯುತ್ತಾರೆ, ಸಾವಿರಾರು ಜೋಡಿಗಳಲ್ಲಿ ಚುರುಕಾದದ್ದನ್ನು ಡಬ್ಬಕ್ಕೆ ಹಾಕಿದರೆ ಕೇಳುವವರಿಲ್ಲ. ಎಂಪಿಆರ್‌ಟಿ ಬೇರೆಯೇ ಲೆಕ್ಕ. ಅದು ಚಲಿಸುವ ವಸ್ತುವಿನ ಒಂದೊಂದು ಚಿತ್ರ ಎಷ್ಟು ಹೊತ್ತು ಕಣ್ಣಿಗೆ ಬೀಳುತ್ತದೆ ಎಂಬುದು. ಪಿಕ್ಸೆಲ್ ಬದಲಾಗುವಾಗ ಹಿಂದಿನ ಬೆಳಕನ್ನೇ ಆರಿಸಿ, ಸ್ವಲ್ಪ ಹೊತ್ತು ಮಾತ್ರ ಮಿಣುಕಿಸಿದರೆ ಈ ಅಂಕಿ ಇಳಿಯುತ್ತದೆ. ಮನೆ ಗುಡಿಸುವ ಬದಲು ನೆಂಟರು ಬಂದಾಗ ಲೈಟ್ ಆರಿಸಿದ ಹಾಗೆ. ಮಾನಿಟರ್‌ನ ಮೆನುವಿನಲ್ಲಿ ಆ ಆಯ್ಕೆ ಹಾಕಿಯೂ ನೋಡಿದೆ: ಪರದೆ ಅರ್ಧಕ್ಕರ್ಧ ಮಂಕಾಯಿತು, ಅಡಾಪ್ಟಿವ್ ಸಿಂಕ್ ತಾನಾಗಿ ಬಂದ್ ಆಯಿತು, ಇಪ್ಪತ್ತು ನಿಮಿಷದಲ್ಲಿ ಹಣೆ ನೋಯತೊಡಗಿತು. ಕಂಬದ ಬಾಲ ಮಾತ್ರ ಹಾಗೇ ಇತ್ತು.

ನ್ಯಾಯವಾಗಿ ಹೇಳಬೇಕೆಂದರೆ ಮಸುಕಿಗೆಲ್ಲ ಪಿಕ್ಸೆಲ್ಲೇ ಕಾರಣವಲ್ಲ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುತ್ತಿದ್ದರೆ, 60 ಹರ್ಟ್ಸ್‌ನ ಪರದೆಯಲ್ಲಿ ಅದು ಪ್ರತಿ ಚಿತ್ರಕ್ಕೆ 16 ಪಿಕ್ಸೆಲ್ ಜಿಗಿಯುತ್ತದೆ, ನಡುವೆ ನಿಂತೇ ಇರುತ್ತದೆ. ಸರಿಯುತ್ತಿರುವ ಕಣ್ಣಿಗೆ ಅಷ್ಟಗಲ ಮಸುಕು ಕಾಣುತ್ತದೆ. ಪಿಕ್ಸೆಲ್ ಎಷ್ಟೇ ಚುರುಕಾಗಿದ್ದರೂ ಇದು ತಪ್ಪದು. 165ರಲ್ಲಿ ಅದು ಆರು ಪಿಕ್ಸೆಲ್‌ಗೆ ಇಳಿಯುತ್ತದೆ. ಅಗ್ಗದ ಮಾನಿಟರ್ ಕೊಳ್ಳುವವನು ಹರ್ಟ್ಸ್‌ಗೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಆದರೆ ಆ ಹರ್ಟ್ಸ್‌ಗೆ ತಕ್ಕ ಹಾಗೆ ಪಿಕ್ಸೆಲ್ ಓಡದಿದ್ದರೆ, ರೈಲು ಸಮಯಕ್ಕೆ ಹೊರಟಿದೆ, ಪ್ರಯಾಣಿಕರೆಲ್ಲ ಪ್ಲಾಟ್‌ಫಾರಂನಲ್ಲೇ ಇದ್ದಾರೆ ಎಂಬ ಕಥೆ.

ನವೆಂಬರ್‌ನ ಎರಡನೆಯ ಶನಿವಾರ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಮೆಟ್ರೋ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು, ಅಕ್ಕನ ಮಗನ ಜೊತೆ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರಸ್ತೆ ಸೇರುವಾಗ ಹನ್ನೊಂದು ಗಂಟೆ. ಬೀದಿಯ ಉದ್ದಕ್ಕೂ ಕೆಂಪು ಹಳದಿ ಬಾವುಟ, ಅದರ ಕೆಳಗೆ ವೈರುಗಳ ಜಡೆ, ಅದರ ಕೆಳಗೆ ತಲೆಯ ಮೇಲೆ ಟಿವಿ ಡಬ್ಬ ಹೊತ್ತು ಓಡುವ ಕೂಲಿಗಳು. ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು, ಗೊತ್ತು. ಆದರೆ ಈ ಸಲ ಕಣ್ಣಲ್ಲಿ ನೋಡದೆ ಕೊಳ್ಳುವುದಿಲ್ಲ ಎಂದು ಶಪಥ ಮಾಡಿದ್ದೆ. ಜೇಬಿನಲ್ಲಿ ಆ ಷ್ಟ್ರದ ಪುಟವಿದ್ದ ಪೆನ್‌ಡ್ರೈವ್.

ಮೊದಲ ಅಂಗಡಿಯಲ್ಲಿ "ಇದು ಯಾವ ಪ್ಯಾನೆಲ್?" ಎಂದು ಕೇಳಿದೆ.

"ಎಲ್‌ಇಡಿ ಸರ್."

"ಎಲ್‌ಇಡಿ ಹಿಂದಿನ ದೀಪ. ಪ್ಯಾನೆಲ್ ಯಾವುದು?"

"ಫುಲ್ ಎಚ್‌ಡಿ ಸರ್."

ಎರಡನೆಯ ಅಂಗಡಿಯಲ್ಲೂ ಇದೇ. ಅವರನ್ನು ದೂರಿ ಫಲವಿಲ್ಲ. ಎಷ್ಟೋ ಡಬ್ಬಗಳ ಮೇಲೆ ಪ್ಯಾನೆಲ್‌ನ ಹೆಸರೇ ಇರುವುದಿಲ್ಲ. ಆದರೆ ಅಂಕಿಗಳು ಬಾಯಿಬಿಡುತ್ತವೆ ಎಂದು ಅಷ್ಟರಲ್ಲಿ ನಾನು ಕಲಿತಿದ್ದೆ. ಕಾಂಟ್ರಾಸ್ಟ್, ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಲೆಕ್ಕ, 3000:1 ಅಥವಾ ಅದಕ್ಕಿಂತ ಮೇಲೆ ಇದ್ದರೆ ಬಹುತೇಕ ವಿಎ. 1000:1ರ ಆಸುಪಾಸು ಇದ್ದು, ನೋಡುವ ಕೋನ 178/178 ಎಂದಿದ್ದರೆ ಐಪಿಎಸ್ ಜಾತಿ. ಕೋನ 170/160 ಎಂದಿದ್ದರೆ ಟಿಎನ್. ಡೈನಾಮಿಕ್ ಎಂಬ ಪದ ಸೇರಿಸಿಕೊಂಡು ಹತ್ತು ಲಕ್ಷಕ್ಕೆ ಒಂದು, ಕೋಟಿಗೆ ಒಂದು ಎಂದಿರುವುದನ್ನು ಓದಬೇಕಾಗಿಯೇ ಇಲ್ಲ. ಈ ಬೆಲೆಯಲ್ಲಿ ಪರದೆ ಬಾಗಿದ್ದರೆ ಬಹುತೇಕ ವಿಎ ಎಂದೇ ಅರ್ಥ. ಹೆಸರುಗಳಲ್ಲಿ ಒಂದು ಗುಂಡಿಯಿದೆ: ಎಎಚ್‌ವಿಎ ಎಂದಿದ್ದರೆ ಬಾಲದಲ್ಲಿ ವಿಎ ಇದ್ದರೂ ಅದು ಐಪಿಎಸ್‌ನ ದಾಯಾದಿ. ಪಿಎಲ್‌ಎಸ್, ಎಡಿಎಸ್ ಕೂಡ ಅದೇ ಕುಲ.

ಮೂರನೆಯ ಅಂಗಡಿಯವರು ಒಳ್ಳೆಯವರು. ಐವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ಮೂರು ಮಾನಿಟರ್ ಓಡುತ್ತಿದ್ದವು, ಅವುಗಳಲ್ಲಿ ಎಂದಿನಂತೆ ಹೂವು, ಜಲಪಾತ, ಗಿಳಿ. ಗಿಳಿ ಯಾವ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಪೆನ್‌ಡ್ರೈವ್ ಹಾಕಲೇ ಎಂದು ಕೇಳಿದಾಗ ಮೊದಲು ವೈರಸ್ ಎಂದು ಹಿಂಜರಿದರು, ಆಮೇಲೆ ಹಾಕಿಕೊಳ್ಳಿ ಎಂದರು. ಗಿಳಿಯ ಜಾಗದಲ್ಲಿ ಷ್ಟ್ರ ಬಂತು.

"ಇದೇನು ಸರ್, ಮೇಷ್ಟರೇ ನೀವು?"

"ಅಲ್ಲ, ಲಾರಿ ಡ್ರೈವರ್" ಎಂದ ಅಕ್ಕನ ಮಗ.

ಮೊದಲನೆಯದು 24 ಇಂಚಿನ ಟಿಎನ್, 144 ಹರ್ಟ್ಸ್, ಹಳೆಯ ದಾಸ್ತಾನು, ಬೆಲೆ ಒಂಬತ್ತು ಸಾವಿರಕ್ಕೂ ಕಡಿಮೆ. ಷ್ಟ್ರ ಎರಡೂ ಬಣ್ಣದಲ್ಲಿ ಪಟ್ಟನೆ ಮೂಡಿತು, ಓಡುವ ಸಾಲಿಗೆ ಬಾಲವಿಲ್ಲ. ಚುರುಕುತನದಲ್ಲಿ ಕೊರತೆ ಹುಡುಕಲಾರೆ. ಆದರೆ ಸ್ಟೂಲಿನ ಮೇಲೆ ಕೂತಾಗ ಕಂಡ ಕಡುಬೂದಿ, ಎದ್ದು ನಿಂತಾಗ ತಿಳಿಬೂದಿಯಾಯಿತು. ಸ್ವಲ್ಪ ಬಗ್ಗಿದರೆ ಅಕ್ಷರವೇ ಕಪ್ಪಿನಲ್ಲಿ ಮುಳುಗಿತು. ಮುಖಪುಟದ ಬಣ್ಣವನ್ನು ಲೇಖಕರಿಗೆ ತೋರಿಸುವಾಗ ಅವರು ನನ್ನ ಹಿಂದೆ ನಿಂತಿರುತ್ತಾರೆ. ನನಗೊಂದು ಕೆಂಪು, ಅವರಿಗೊಂದು ಕೆಂಪು ಕಂಡರೆ ಜಗಳ ಖಂಡಿತ. ಬರೀ ಶೂಟಿಂಗ್ ಆಟಕ್ಕೇ ಕೊಳ್ಳುವವರು ಇದನ್ನೇ ಒಯ್ದರೆ ನಾನು ಬೇಡ ಎನ್ನುವುದಿಲ್ಲ, ನನ್ನ ಬಾಳಿಗೆ ಒಗ್ಗದು.

ಎರಡನೆಯದು ಇನ್ನೊಂದು ವಿಎ. ಬೂದಿಯ ಷ್ಟ್ರ ಅಲ್ಲೂ ಅಜ್ಜನ ಹಾಗೆಯೇ ಎದ್ದಿತು. ನನ್ನದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ವಿಎಯಲ್ಲೂ ಚುರುಕಾದವು ಇವೆ, ಆದರೆ ಅವುಗಳ ಬೆಲೆ ನನ್ನ ಜೇಬಿನಿಂದ ಬಹಳ ದೂರ.

ಮೂರನೆಯದು 23.8 ಇಂಚಿನ ಐಪಿಎಸ್, 165 ಹರ್ಟ್ಸ್. ಬಿಳಿ, ಬೂದಿ ಎರಡೂ ಹೆಚ್ಚು ಕಡಿಮೆ ಒಟ್ಟಿಗೆ ಬಂದವು. ಮೊಬೈಲ್‌ನಲ್ಲಿ ಎಣಿಸಿದರೆ ಎರಡು ಚಿತ್ರ, ಕೆಲವೊಮ್ಮೆ ಮೂರು. ಡಬ್ಬದ ಮೇಲೆ ಒಂದು ಮಿಲಿಸೆಕೆಂಡ್ ಎಂದಿತ್ತು, ನಾನು ನಕ್ಕು ಸುಮ್ಮನಾದೆ. ಓಡುವ ಸಾಲಿನ ಹಿಂದೆ ತೆಳು ನೆರಳು ಮಾತ್ರ. ಇಂಚಿಗೆ ಸುಮಾರು 93 ಪಿಕ್ಸೆಲ್ ಆದ್ದರಿಂದ ಒತ್ತುಗಳು ಬಿಡಿಬಿಡಿಯಾಗಿ ಕಂಡವು. ಮೆನುವಿನಲ್ಲಿ ಓವರ್‌ಡ್ರೈವ್ ಹುಡುಕಿ ಮೇಲಿನ ಹಂತಕ್ಕೆ ಏರಿಸಿದೆ. ಆಗ ಕಪ್ಪು ಅಕ್ಷರಗಳ ಹಿಂದೆ ಬೆಳ್ಳನೆಯ ಇನ್ನೊಂದು ಅಂಚು ಹುಟ್ಟಿಕೊಂಡಿತು. ಎತ್ತಿನ ಬಾಲ ಹಿಂಡಿದರೆ ಬೇಗ ಹೆಜ್ಜೆ ಹಾಕುತ್ತದೆ, ಹೆಚ್ಚು ಹಿಂಡಿದರೆ ನೇಗಿಲಿನ ಸಾಲು ಬಿಟ್ಟು ಮುಂದಕ್ಕೆ ನುಗ್ಗುತ್ತದಲ್ಲ, ಅದೇ. ಪಿಕ್ಸೆಲ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೊಟ್ಟು ಓಡಿಸುವುದು ಓವರ್‌ಡ್ರೈವ್. ಅದು ಗುರಿ ದಾಟಿ ಹೋಗಿ ವಾಪಸ್ ಬರುವಾಗ ಕಾಣುವುದು ಈ ಬಿಳಿ ಅಂಚು. ಬಹುಶಃ ಡಬ್ಬದ ಆ ಒಂದು ಮಿಲಿಸೆಕೆಂಡ್ ಈ ಮೇಲಿನ ಹಂತದಲ್ಲಿ ಹುಟ್ಟಿದ್ದು. ನಡುವಿನ ಹಂತಕ್ಕೆ ಇಳಿಸಿದಾಗ ಎತ್ತು ಸಾಲಿಗೆ ಬಂತು.

10,600 ಹೇಳಿದರು, 10,300ಕ್ಕೆ ಮುಗಿಯಿತು. ಡಿಸ್‌ಪ್ಲೇಪೋರ್ಟ್ ಕೇಬಲ್ ಮನೆಯಲ್ಲೇ ಇತ್ತು. ಹಣ ಕೊಡುವ ಮೊದಲು ನಾನು ಕೇಳಿದ್ದು ಒಂದೇ: ನನಗೆ ಕೊಡುವ ಡಬ್ಬವನ್ನು ಇಲ್ಲೇ ಬಿಚ್ಚಿ ತೋರಿಸಿ. ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ ಪರದೆ ಹಾಕಿ ಸತ್ತ ಪಿಕ್ಸೆಲ್ ಹುಡುಕಿದೆ. ಕಂಪನಿಗಳು ಒಂದೆರಡು ಸತ್ತ ಪಿಕ್ಸೆಲ್ ಇದ್ದರೆ ಅದನ್ನು ದೋಷ ಎಂದು ಒಪ್ಪದಿರಬಹುದು, ಎಷ್ಟಿದ್ದರೆ ಬದಲಿ ಎಂಬುದಕ್ಕೆ ಪ್ರತಿಯೊಬ್ಬರದೂ ಬೇರೆ ಲೆಕ್ಕ. ಪಿಕ್ಸೆಲ್ ಎಲ್ಲ ಸರಿಯಿತ್ತು. ಪೂರ್ತಿ ಕಪ್ಪು ಹಾಕಿ ಅಂಗಡಿಯ ಟ್ಯೂಬ್‌ಲೈಟ್‌ಗೆ ಕೈ ಅಡ್ಡ ಹಿಡಿದಾಗ ಕೆಳಗಿನ ಬಲಮೂಲೆ ಸ್ವಲ್ಪ ಬೆಳಗಿತು. ಇದು ಐಪಿಎಸ್‌ನ ಹುಟ್ಟುಗುಣ. ತಲೆ ಪಕ್ಕಕ್ಕೆ ಸರಿಸಿದರೆ ಆ ಬೆಳಕೂ ಸರಿದರೆ ಅದು ಗ್ಲೋ, ಸಹಿಸಬೇಕು. ಒಂದೇ ಜಾಗದಲ್ಲಿ ಅಂಟಿಕೊಂಡಿದ್ದರೆ ಹಿಂದಿನ ಬೆಳಕು ಸೋರುತ್ತಿದೆ, ಬೇರೆ ಡಬ್ಬ ಕೇಳಬೇಕು. ನನ್ನದು ತಲೆಯ ಜೊತೆಗೇ ಸರಿಯಿತು. ಅಂಗಡಿಯವರು ಆ ಹೊತ್ತಿಗೆ ನನ್ನ ಪೆನ್‌ಡ್ರೈವ್‌ನ ಪುಟವನ್ನು ತಮ್ಮ ಕಂಪ್ಯೂಟರ್‌ಗೂ ಇಳಿಸಿಕೊಂಡಿದ್ದರು. ಗಿಳಿಯ ಜೊತೆ ಅದನ್ನೂ ತೋರಿಸುತ್ತಾರೋ ಇಲ್ಲವೋ.

ಮನೆಗೆ ತಂದು ಮೊದಲು ಮಾಡಿದ್ದು ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ 60ನ್ನು 165 ಮಾಡಿದ್ದು. ಆಮೇಲೆ ಅದೇ ರಸ್ತೆ, ಅದೇ ಲಾರಿ, ಅದೇ ತಿರುವು. ಕಂಬಗಳು ಕಂಬಗಳ ಹಾಗೆಯೇ ಹೋದವು. ನನ್ನ ಕಾರ್ಡ್‌ಗೆ ಆ ಆಟದಲ್ಲಿ ಎಪ್ಪತ್ತು ಎಂಬತ್ತು ಚಿತ್ರಕ್ಕಿಂತ ಹೆಚ್ಚು ಕೊಡುವ ತ್ರಾಣವಿಲ್ಲ, ಆದರೂ ಅಡಾಪ್ಟಿವ್ ಸಿಂಕ್ ಇರುವುದರಿಂದ ಚಿತ್ರ ನಡುವೆ ಹರಿದ ಕಾಗದದ ಹಾಗೆ ತುಂಡಾಗಿ ಕಾಣುವುದಿಲ್ಲ. ವ್ಯಾಲರಂಟ್‌ನಲ್ಲಿ 144 ಸುಲಭವಾಗಿ ದಾಟುತ್ತದೆ. ನನ್ನ ಆಟ ಸುಧಾರಿಸಿತೇ ಎಂದು ಕೇಳಬೇಡಿ. ಮೊದಲು ಯಾರು ಹೊಡೆದರು ಎಂದು ತಿಳಿಯದೆ ಸಾಯುತ್ತಿದ್ದೆ, ಈಗ ಹೊಡೆದವನನ್ನು ಸ್ಪಷ್ಟವಾಗಿ ನೋಡಿ ಸಾಯುತ್ತೇನೆ.

ಹಳೆಯದನ್ನು, ಅಂದರೆ ಮೂರು ವಾರದ ಹೊಸದನ್ನು, ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ಒಂಬತ್ತು ಸಾವಿರಕ್ಕೆ ಕೊಟ್ಟೆ. ಬಾಲದ ವಿಷಯ ಮುಚ್ಚಿಡಲಿಲ್ಲ. ಕಂಬ ತೋರಿಸಿ, ಷ್ಟ್ರ ತೋರಿಸಿ, ಸರ್ವೀಸ್ ಹುಡುಗನ ಮಾತನ್ನೇ ನಾನೂ ಹೇಳಿದೆ. "ನಾನು ಲಾರಿ ಓಡಿಸುವುದಿಲ್ಲವಲ್ಲ" ಎಂದರು. ಅವರು ನೋಡುವುದು ಸಿನಿಮಾ ಮತ್ತು ಕ್ರಿಕೆಟ್. ಹಸಿರು ಮೈದಾನದಲ್ಲಿ ಬಿಳಿ ಬಟ್ಟೆ ಓಡಿದರೆ ಆ ಪ್ಯಾನೆಲ್‌ಗೆ ಏನೂ ತೊಂದರೆಯಿಲ್ಲ, ಬೆಳಕಿನ ಬಣ್ಣಗಳಲ್ಲಿ ಅದು ಸಾಕಷ್ಟು ಚುರುಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಒಂದೊಂದಕ್ಕೂ ನಲವತ್ತು ಮಿಲಿಸೆಕೆಂಡ್ ಬಿಡುವಿರುವುದರಿಂದ ಅಜ್ಜ ನಿಧಾನಕ್ಕೆ ಎದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಹೋದ ವಾರ ಕಾಫಿಗೆ ಕರೆದರು. ಯಾವುದೋ ಸಿನಿಮಾದ ರಾತ್ರಿಯ ದೃಶ್ಯ ಓಡುತ್ತಿತ್ತು. ಕೋಣೆಯ ದೀಪ ಆರಿಸಿದ್ದರು. ಆ ಕಪ್ಪನ್ನು ನೋಡಿದಾಗ, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಚುರ್ ಎಂದಿತು. ಮನೆಗೆ ಬಂದು ಲಾರಿ ಹತ್ತಿದರೆ ನನ್ನ ಆಕಾಶ ಒರೆಸಿದ ಸ್ಲೇಟಿನ ಬಣ್ಣ, ಬಲಮೂಲೆಯಲ್ಲಿ ಅಕಾಲದ ಬೆಳದಿಂಗಳು. ಪರದೆಯ ಹಿಂದಿನ ಗೋಡೆಗೆ ಸಣ್ಣ ಬೆಳಕು ಬಿದ್ದರೆ ಕಣ್ಣಿಗೆ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ ಎಂದು ಓದಿದ್ದೆ. ಜೀರೋ ವಾಟ್ ಬಲ್ಬ್ ಒಂದನ್ನು ಹುಡುಕಿ ಮಾನಿಟರ್‌ನ ಬೆನ್ನಿಗೆ ಇಟ್ಟೆ. ನಿಜಕ್ಕೂ ಪರವಾಗಿಲ್ಲ. ಪೋಲೆಂಡ್ ಗಡಿ ದಾಟುವಷ್ಟರಲ್ಲಿ ಮನೆಯಾಕೆ ಬಂದು ನಿಂತಳು.

"ರೀ, ದೇವರ ಮನೆಯ ಬಲ್ಬ್ ಎಲ್ಲಿ?"

ಬೆಳಗಿನ ಪೂಜೆಗೆ ಮುಂಚೆ ವಾಪಸ್ ಹಾಕುವುದಾಗಿ ಒಪ್ಪಂದವಾಗಿದೆ.